ಅಕ್ಕೋ: ಕಾಗದ ಬರೆದವರ ಊರು

ಹೈಫಾಕ್ಕೆ ಹೋಗಿದ್ದು ಮೈಸೂರು ಲ್ಯಾನ್ಸರ್ಸ್ ಸಲುವಾಗಿ. 1918ರ ಸೆಪ್ಟೆಂಬರ್ 23ರಂದು ಮೈಸೂರಿನ ಮತ್ತು ಜೋಧಪುರದ ಕುದುರೆ ದಂಡು ಆ ಊರನ್ನು ಹಿಡಿದ ಕಥೆ ಗೊತ್ತಲ್ಲ. ಅಲ್ಲಿರುವ ಭಾರತೀಯ ಸೈನಿಕರ ಸ್ಮಶಾನ ನೋಡಿದ ಮೇಲೆ ಒಂದು ದಿನ ಕೈಯಲ್ಲಿ ಉಳಿಯಿತು. ಕೊಲ್ಲಿಯ ಆಚೆ ತುದಿಯಲ್ಲಿ ಅಕ್ಕೋ ಊರು. ಕ್ರುಸೇಡ್, ಅಂದರೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ಮುಸ್ಲಿಮರ ಮೇಲೆ ಹೂಡಿದ ಯುದ್ಧಗಳ ಕಾಲದಲ್ಲಿ, ಸಹಾಯ ಬೇಡಿ ಯುರೋಪಿಗೆ ಕಾಗದ ಬರೆದವರ ಊರು. ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ ಅಂದರು. ಮರುದಿನ ಬೆಳಿಗ್ಗೆ ಸ್ಟೇಷನ್‌ಗೆ ಹೋದರೆ ಬಾಗಿಲು ಹಾಕಿದೆ. ಶನಿವಾರ. ಇಸ್ರೇಲಿನಲ್ಲಿ ಅವತ್ತು ರೈಲು ಓಡುವುದಿಲ್ಲ ಅನ್ನುವುದನ್ನು ಓದಿದ್ದೆ, ಮರೆತಿದ್ದೆ.

ಪೆಚ್ಚಾಗಿ ನಿಂತಿದ್ದವನನ್ನು ನೋಡಿ ಒಬ್ಬ ಹೆಂಗಸು ಬಂದು ಇಂಗ್ಲಿಷಿನಲ್ಲಿ ಎಲ್ಲಿಗೆ ಎಂದು ಕೇಳಿದರು. ನನ್ನ ಇಂಗ್ಲಿಷ್ ಕೇಳಿ ನಕ್ಕು ಕನ್ನಡಕ್ಕೆ ತಿರುಗಿದರು. "ಶನಿವಾರ ರೈಲು ಎಂತ ಉಂಟು ಮಾರಾಯ್ರೆ ಇಲ್ಲಿ! ಶೆರೂತ್‌ನಲ್ಲಿ ಹೋಗುವ, ಬನ್ನಿ." ಮಂಗಳೂರಿನವರು. ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ, ವಾರಕ್ಕೊಂದು ರಜೆ. ಶೆರೂತ್ ಅಂದರೆ ನಮ್ಮ ಮ್ಯಾಕ್ಸಿ ಕ್ಯಾಬ್ ಥರದ ಹಳದಿ ವ್ಯಾನು, ಸೀಟು ತುಂಬಿದ ಮೇಲೆಯೇ ಹೊರಡುವುದು. ಅಕ್ಕ ಅರ್ಧ ದಾರಿಯಲ್ಲಿ ಇಳಿದರು. ಇಳಿಯುವಾಗ ನಂಬರ್ ಕೊಟ್ಟು, "ವಾಪಸ್ ಬರುವಾಗ ಗಾಡಿ ಸಿಗದಿದ್ರೆ ಫೋನ್ ಮಾಡಿ ಆಯ್ತಾ" ಅಂದರು.

ಅಕ್ಕೋ ಹಳೇ ಊರಿನಲ್ಲಿ ಹೆಚ್ಚಿನವರು ಅರಬರು. ಹಾಗಾಗಿ ಶನಿವಾರವೂ ಅಂಗಡಿ, ಮೀನು, ಗದ್ದಲ ಎಲ್ಲ ಇದ್ದೇ ಇತ್ತು. ನಾನು ನೇರ ಹಾಸ್ಪಿಟಲರ್‌ಗಳ ಕೋಟೆಗೆ ಹೋದೆ. ರೋಗಿಗಳ ಆರೈಕೆಯಿಂದ ಶುರುವಾಗಿ ಕೊನೆಗೆ ಕತ್ತಿ ಹಿಡಿದ ಸನ್ಯಾಸಿಗಳ ಸಂಘ ಅದು. ಅವರ ಊಟದ ಹಾಲ್‌ನಲ್ಲಿ ಮೂರು ಕಂಬಗಳಿವೆ. ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪ. ಮೂಲೆಯೊಂದರಲ್ಲಿ ಫ್ರಾನ್ಸ್ ರಾಜರ ಲಿಲ್ಲಿ ಹೂವು ಕೆತ್ತಿದ್ದಾರೆ. 1148ರಲ್ಲಿ ಏಳನೇ ಲೂಯಿ ಇಲ್ಲಿಗೆ ಬಂದಿದ್ದ, ಅದರ ಗುರುತೇ ಇರಬೇಕು ಅನ್ನುವವರಿದ್ದಾರೆ.

ಆ ಲೂಯಿ ಬಂದಿದ್ದೂ ಒಂದು ಮೊರೆ ಕೇಳಿಯೇ. 1144ರ ಡಿಸೆಂಬರ್ 24ರಂದು ಈಗಿನ ಟರ್ಕಿಯಲ್ಲಿರುವ ಎಡೆಸ್ಸಾ ಊರು ಮುಸ್ಲಿಂ ದೊರೆ ಝೆಂಗಿಯ ಕೈಗೆ ಬಿತ್ತು. ಮೊದಲ ಕ್ರುಸೇಡಿನವರು ಕಟ್ಟಿಕೊಂಡ ನಾಲ್ಕು ರಾಜ್ಯಗಳಲ್ಲಿ ಮೊದಲು ಹುಟ್ಟಿದ್ದೂ ಅದೇ, ಮೊದಲು ಮುರಿದಿದ್ದೂ ಅದೇ. ಜಬಲಾದ ಬಿಷಪ್ ಹ್ಯೂ ಇಟಲಿಗೆ ಹೋಗಿ ಪೋಪ್ ಮುಂದೆ ಗೋಳು ಹೇಳಿಕೊಂಡ. ಪೋಪ್ ಕ್ರುಸೇಡಿಗೆ ಕರೆಕೊಟ್ಟು ಕಾಗದ ಬರೆಯುವ ಹೊತ್ತಿಗೆ 1145ರ ಡಿಸೆಂಬರ್ ಬಂದಿತ್ತು. ದಂಡು ಇಲ್ಲಿಗೆ ಮುಟ್ಟಿದ್ದು 1148ಕ್ಕೆ. ಜೂನ್‌ನಲ್ಲಿ ಇದೇ ಅಕ್ಕೋದಲ್ಲಿ ದೊಡ್ಡ ಸಭೆ ಸೇರಿತು. ಎಡೆಸ್ಸಾ ಉಳಿಸಲು ಬಂದವರು ಕೂತು ಮಾತಾಡಿ, ಡಮಾಸ್ಕಸ್ ಮೇಲೆ ಹೋಗೋಣ ಅಂದರು! ಹೋದರು. ನಾಲ್ಕೈದು ದಿನದಲ್ಲಿ ಸೋತು ವಾಪಸ್ ಬಂದರು.

ಸಮುದ್ರವೂ ಇವರ ಕಡೆ ಇರಲಿಲ್ಲ. ಹಡಗುಗಳಿಗೆ ಎರಡೇ ಸರದಿ, ವಸಂತದಲ್ಲಿ ಒಂದು, ಶರತ್ಕಾಲದಲ್ಲಿ ಒಂದು. ಚಳಿಗಾಲದಲ್ಲಿ ಕಡಲಿಗಿಳಿಯುವುದು ಅಂದರೆ ಜೀವ ಪಣಕ್ಕಿಟ್ಟಂತೆ. 1244ರಲ್ಲಿ ಗಾಜಾ ಹತ್ತಿರ ಕ್ರುಸೇಡಿನವರಿಗೆ ಭಾರಿ ಸೋಲಾದ ಮೇಲೆ ಕಾಯಲು ಪುರುಸೊತ್ತಿಲ್ಲದೆ ಬೇರೂತಿನ ಬಿಷಪ್ ಸಹಾಯ ಕೇಳಲು ನವೆಂಬರ್ ಕೊನೆಯಲ್ಲೇ ಅಕ್ಕೋದಿಂದ ಹೊರಟ. ವೆನಿಸ್ ಸೇರಲು ಸುಮಾರು ಆರು ತಿಂಗಳು ಹಿಡಿಯಿತು.

ಹೀಗೆ ಸಹಾಯ ಬೇಡಿ ಬರೆದ ಕಾಗದಗಳ ಅನುವಾದ ಕೆಲವನ್ನು ಹೊರಡುವ ಮೊದಲು ಓದಿಕೊಂಡಿದ್ದೆ. 1160ರ ದಶಕದಲ್ಲಿ ಜೆರುಸಲೇಮಿನ ರಾಜ ಅಮಾಲ್ರಿಕ್, ಹಾಸ್ಪಿಟಲರ್ ಮುಖ್ಯಸ್ಥ, ಅಂಥದೇ ಇನ್ನೊಂದು ಕತ್ತಿ ಹಿಡಿದ ಸಂಘವಾದ ಟೆಂಪ್ಲರ್‌ಗಳ ಮುಖ್ಯಸ್ಥ, ಎಲ್ಲರೂ ಇದೇ ಲೂಯಿಗೆ ಒಂದರ ಹಿಂದೊಂದು ಬರೆದರು. ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಪ್ರತಿಯೊಂದರಲ್ಲೂ ಇದೇ ಕೊನೆ, ಈಗ ಬರದಿದ್ದರೆ ಮುಗಿಯಿತು ಅನ್ನುವ ಧಾಟಿ. ಮುಂದಿನ ವರ್ಷವೂ ಅದೇ. ಪ್ಯಾರಿಸ್‌ನಲ್ಲಿ ಕೂತು ಹತ್ತನೇ ಕಾಗದ ಓದುವವನಿಗೆ ಏನನ್ನಿಸಬೇಕು ಹೇಳಿ? ತೋಳ ಬಂತು ತೋಳ ಕಥೆಯ ಹುಡುಗನಾದರೂ ಸುಳ್ಳು ಹೇಳುತ್ತಿದ್ದ. ಇವರ ತೋಳ ಪ್ರತಿ ಸಲವೂ ನಿಜವೇ. 1164ರಲ್ಲಿ ಸಿರಿಯಾದ ಹಾರಿಮ್ ಹತ್ತಿರ, ಆ ನಾಲ್ಕು ರಾಜ್ಯಗಳಲ್ಲಿ ಇನ್ನೆರಡರ ದೊರೆಗಳಾದ ಆಂಟಿಯೋಕಿನ ರಾಜ, (ಈಗಿನ ಲೆಬನಾನಿನ) ಟ್ರಿಪೋಲಿಯ ಕೌಂಟ್ ಇಬ್ಬರೂ ಒಂದೇ ದಿನ ಝೆಂಗಿಯ ಮಗ ನೂರುದ್ದೀನನಿಗೆ ಸೆರೆಸಿಕ್ಕಿದ್ದು ಸುಳ್ಳಲ್ಲವಲ್ಲ.

ಕಾಗದ ಸಾಲದು ಅನ್ನಿಸಿದಾಗ ಮನುಷ್ಯರನ್ನೇ ಕಳಿಸಿದರು. 1184ರಲ್ಲಿ ಹೊರಟ ತಂಡ ಎಲ್ಲಕ್ಕಿಂತ ದೊಡ್ಡದು. ಜೆರುಸಲೇಮಿನ ರಾಜ ನಾಲ್ಕನೇ ಬಾಲ್ಡ್ವಿನ್ ಕುಷ್ಠರೋಗದಿಂದ ಸಾಯುವ ಸ್ಥಿತಿಯಲ್ಲಿದ್ದ. ಪ್ರಧಾನ ಧರ್ಮಗುರು ಹೆರಾಕ್ಲಿಯಸ್, ಎರಡು ಸಂಘಗಳ ಮುಖ್ಯಸ್ಥರು ಜೊತೆಯಾಗಿ ಯುರೋಪಿಗೆ ಹೋದರು. ಟೆಂಪ್ಲರ್ ಮುಖ್ಯಸ್ಥ ಆರ್ನಾಲ್ಡ್ ದಾರಿಯಲ್ಲಿ ವೆರೋನಾದಲ್ಲೇ ತೀರಿಕೊಂಡ. ಉಳಿದಿಬ್ಬರು ಪ್ಯಾರಿಸ್ ದಾಟಿ ಇಂಗ್ಲೆಂಡಿಗೆ ಹೋಗಿ ಎರಡನೇ ಹೆನ್ರಿಯ ಮುಂದೆ ನಿಂತರು. ಬರಿಗೈಯಲ್ಲಿ ಹೋಗಿರಲಿಲ್ಲ. ದಾವೀದನ ಬುರುಜಿನ ಬೀಗದ ಕೈ, ಯೇಸುವಿನ ಸಮಾಧಿಯ ಬೀಗದ ಕೈ, ಜೊತೆಗೆ ರಾಜ್ಯದ ಬಾವುಟ. ಮನೆ ಯಜಮಾನ ಹಾಸಿಗೆ ಹಿಡಿದಾಗ ಕೀಲಿಗೊಂಚಲನ್ನು ದಾಯಾದಿಯ ಕೈಗಿಟ್ಟು 'ಇನ್ನು ನೀನೇ ನೋಡಿಕೋ ಅಪ್ಪಾ' ಅಂದ ಹಾಗೆ. ಹೆನ್ರಿಯ ಅಜ್ಜ ಜೆರುಸಲೇಮಿನ ರಾಜನಾಗಿದ್ದವನು, ಹಾಗಾಗಿ ದಾಯಾದಿ ಅನ್ನುವುದು ಸುಮ್ನೆ ಮಾತಿಗಲ್ಲ.

ಲಂಡನ್ನಿನ ಟೆಂಪಲ್ ಚರ್ಚನ್ನು ಹೆರಾಕ್ಲಿಯಸ್ ಪ್ರತಿಷ್ಠೆ ಮಾಡಿದ್ದು ಇದೇ ಪ್ರವಾಸದಲ್ಲಿ, 1185ರ ಫೆಬ್ರವರಿ 10ರಂದು. ಮಾರ್ಚ್‌ನಲ್ಲಿ ಹೆನ್ರಿ ಸಭೆ ಕರೆದ. ರಾಜ ತನ್ನ ರಾಜ್ಯ ಬಿಟ್ಟು ಹೋಗಬಾರದು ಅಂತ ಸಭೆ ಹೇಳಿತು, ಅವನಿಗೂ ಅದೇ ಬೇಕಿತ್ತು. ಹಣ ಕೊಡುತ್ತೇನೆ ಅಂದ. ಅದಕ್ಕೆ ಹೆರಾಕ್ಲಿಯಸ್ ಕೊಟ್ಟ ಉತ್ತರವನ್ನು ವೇಲ್ಸ್‌ನ ಪಾದ್ರಿ ಜೆರಾಲ್ಡ್ ಬರೆದಿಟ್ಟಿದ್ದಾನೆ. ಹಣ ಎಲ್ಲರೂ ಕಳಿಸುತ್ತಾರೆ, ರಾಜನನ್ನು ಯಾರೂ ಕಳಿಸುವುದಿಲ್ಲ, ನಮಗೆ ಬೇಕಾಗಿರುವುದು ಹಣವಿಲ್ಲದ ಗಂಡಸೇ ಹೊರತು ಗಂಡಸಿಲ್ಲದ ಹಣವಲ್ಲ, ಎಂಬರ್ಥದ ಮಾತು. ಜೆರಾಲ್ಡ್ ಸ್ವಲ್ಪ ಮಸಾಲೆ ಹಾಕುವ ಮನುಷ್ಯ. ಆದರೂ ಮಾತು ಚೆನ್ನಾಗಿದೆ.

ಹೆನ್ರಿಯ ಹಣ ಏನಾಯಿತು ಅನ್ನುವುದೂ ಗೊತ್ತಿದೆ. ಅವನ ಕಡೆಯವರು ಆರ್ಚ್‌ಬಿಷಪ್ ಬೆಕೆಟ್‌ನನ್ನು ಕೊಂದಿದ್ದರು. ಆ ಕೊಲೆಯ ಪ್ರಾಯಶ್ಚಿತ್ತ ಶುರುವಾದಾಗಿನಿಂದ ಅವನು ಕಳಿಸಿದ ಹಣ ಜೆರುಸಲೇಮಿನಲ್ಲಿ ಎರಡು ಸಂಘಗಳ ಬಳಿ ಜಮೆಯಾಗಿತ್ತು. 1187ರಲ್ಲಿ ಹೊಸ ಟೆಂಪ್ಲರ್ ಮುಖ್ಯಸ್ಥ ಜೆರಾರ್ಡ್ ತನ್ನ ಬಳಿಯ ಪಾಲನ್ನು ತೆಗೆದು ಬಾಡಿಗೆ ಸೈನಿಕರನ್ನು ಹಿಡಿದ. ಅವರೂ ಜುಲೈ 4ರಂದು ಹತ್ತಿನ್ ಗುಡ್ಡದಲ್ಲಿ ಈಜಿಪ್ಟ್, ಸಿರಿಯಾಗಳ ಸುಲ್ತಾನ ಸಲಾದೀನನ ಎದುರು ನೀರಿಲ್ಲದೆ, ಹೊಗೆಯಲ್ಲಿ, ಉಳಿದವರ ಜೊತೆ ನಾಶವಾದರು. ಒಂದು ವಾರದೊಳಗೆ ಅಕ್ಕೋ ಸಲಾದೀನನ ಕೈಗೆ ಬಂತು.

ಹೊಟ್ಟೆ ಚುರುಗುಟ್ಟಿತು. ಸಂದಿಯ ಹೋಟೆಲಿನಲ್ಲಿ ಬಿಸಿ ಹಮ್ಮಸ್, ಹಸಿ ಈರುಳ್ಳಿ, ಉಪ್ಪಿನಕಾಯಿ. ಕೇಳದೆಯೇ ಇನ್ನೊಂದು ರೊಟ್ಟಿ ತಂದು ಹಾಕಿದರು.

ಊಟವಾದ ಮೇಲೆ ಟೆಂಪ್ಲರ್ ಸುರಂಗ. 1994ರಲ್ಲಿ ಒಂದು ಮನೆಯ ಚರಂಡಿ ಕಟ್ಟಿಕೊಂಡು ಅಗೆದಾಗ ಸಿಕ್ಕಿದ್ದಂತೆ. ಅವರ ಕೋಟೆಯಿಂದ ಬಂದರಿಗೆ ಹೋಗುವ ದಾರಿ. ಹಲಗೆಯ ಕೆಳಗೆ ನೀರು, ತಲೆಯ ಮೇಲೆ ಕಲ್ಲು. ಬಗ್ಗಿಕೊಂಡು ನಡೆದು ನನ್ನ ಸೊಂಟ ಹೋಯಿತು.

ಆಚೆ ತುದಿಯಲ್ಲಿ ಬಂದರು. ಸಲಾದೀನನ ಪಾಲಾಗಿದ್ದ ಅಕ್ಕೋ 1191ರಲ್ಲೇ ಮತ್ತೆ ಕ್ರುಸೇಡಿನವರ ಕೈಗೆ ಬಂದಿತ್ತು. 1290ರ ಆಗಸ್ಟಿನಲ್ಲಿ ಇಲ್ಲಿಗೆ ಒಂದು ಮೊರೆಗೆ ಉತ್ತರ ಬಂದಿಳಿಯಿತು. ಹಿಂದಿನ ವರ್ಷ ಟ್ರಿಪೋಲಿ ಬಿದ್ದಿತ್ತು. ಈಜಿಪ್ಟಿನ ಸುಲ್ತಾನ ಕಲಾವೂನ್ ಜೊತೆ ಅಕ್ಕೋದವರು ಒಪ್ಪಂದ ಮಾಡಿಕೊಂಡು, ಯುರೋಪಿಗೆ ಸಹಾಯ ಬೇಡಿ ಜನ ಕಳಿಸಿದ್ದರು. ರಾಜರ್ಯಾರೂ ಬರಲಿಲ್ಲ. ಬಂದವರು ಉತ್ತರ ಇಟಲಿಯ ರೈತರು, ಕೆಲಸವಿಲ್ಲದವರು. ಸಂಬಳವೂ ಸರಿಯಾಗಿ ಇರಲಿಲ್ಲ. ಕಾಫಿರರನ್ನು ಕೊಲ್ಲಲು ಬಂದವರಿಗೆ ಊರು ತುಂಬ ವ್ಯಾಪಾರಕ್ಕೆ ಬಂದ ಮುಸ್ಲಿಮರು ಕಂಡರು. ಬೀದಿಯಲ್ಲೇ ಕಡಿದರು. ಗಡ್ಡ ನೋಡಿ ಸ್ಥಳೀಯ ಕ್ರೈಸ್ತರನ್ನೂ ಕೊಂದರಂತೆ. ಒಪ್ಪಂದ ಮುರಿಯಲು ಸುಲ್ತಾನನಿಗೆ ಬೇರೆ ಕಾರಣ ಬೇಕೇ? ಕಲಾವೂನ್ ಆ ನವೆಂಬರಿನಲ್ಲಿ ಸತ್ತ. ಮಗ ಖಲೀಲ್ 1291ರ ಮೇ 18ರಂದು ಊರನ್ನು ತೆಗೆದುಕೊಂಡ. ಬರಲಿ ಬರಲಿ ಅಂತ ಕಾದ ಸಹಾಯ ಹಾಗೆ ಬಂತು.

ಹಾಸ್ಪಿಟಲರ್ ಮುಖ್ಯಸ್ಥ ಜಾನ್ ದ ವಿಲಿಯೆ ಬದುಕಿ ಸೈಪ್ರಸ್‌ಗೆ ಹೋದ. ಅಲ್ಲಿಂದ ಒಂದು ಕಾಗದ ಬರೆದ. ಭುಜಗಳ ಮಧ್ಯೆ ಭರ್ಜಿ ಹೊಕ್ಕಿದೆ, ಈ ಕಾಗದ ಬರೆಯುವುದೇ ಕಷ್ಟವಾಗಿದೆ ಎಂದು ಅದರಲ್ಲಿದೆ. ನಾನು ಓದಿದವುಗಳಲ್ಲಿ ಅಲಂಕಾರವೇ ಇಲ್ಲದ ಸಾಲು ಅದೊಂದೇ.

ದೀಪಸ್ತಂಭದ ಹತ್ತಿರ ಕಡಲಗೋಡೆ ಮೇಲೆ ಕೂತೆ. ಹುಡುಗರು ಅಲ್ಲಿಂದ ನೀರಿಗೆ ಹಾರುತ್ತಿದ್ದರು. ಅವರನ್ನು ನೋಡಿ ಈಸಾ ನೆನಪಾದ. 1189ರಿಂದ ಎರಡು ವರ್ಷ ಕ್ರುಸೇಡಿನವರು ಅಕ್ಕೋವನ್ನು ಮುತ್ತಿದ್ದರು. ಈಗ ಒಳಗೆ ಸಿಕ್ಕಿಕೊಂಡವರು ಸಲಾದೀನನ ಕಡೆಯವರು, ಕಾಗದ ಬರೆಯುವ ಸರದಿಯೂ ಅವರದು. ಸಲಾದೀನ್ ಹಡಗು ಕೇಳಿ ಮೊರೊಕ್ಕೋದ ದೊರೆಗೆ ಬರೆದ. ಅವನಿಗೆ ಖಲೀಫನ ಬಿರುದು ಹಾಕಿ ಬರೆಯಲಿಲ್ಲ ಅನ್ನುವ ಸಿಟ್ಟು, ಒಂದು ಹಡಗೂ ಬರಲಿಲ್ಲ. ಈಸಾ ಅನ್ನುವ ಈಜುಗಾರ ರಾತ್ರಿ ಹೊತ್ತು ಶತ್ರು ಹಡಗುಗಳ ಅಡಿಯಲ್ಲಿ ಮುಳುಗಿ ಊರೊಳಗೆ ಕಾಗದ, ಹಣ ಮುಟ್ಟಿಸುತ್ತಿದ್ದ. ಮುಟ್ಟಿದ ಮೇಲೆ ಪಾರಿವಾಳ ಹಾರಿಸಬೇಕು. ಒಂದು ರಾತ್ರಿ ಸಾವಿರ ದೀನಾರ್ ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಪಾರಿವಾಳ ಬರಲಿಲ್ಲ. ಕೆಲವು ದಿನಗಳ ಮೇಲೆ ಹೆಣ ಊರಿನ ದಡಕ್ಕೇ ಬಂದು ಬಿತ್ತು. ಚಿನ್ನ, ಕಾಗದ ಎಲ್ಲ ಸೊಂಟದಲ್ಲೇ ಇತ್ತು. ಸತ್ತ ಮೇಲೂ ಒಪ್ಪಿಸಿದ್ದನ್ನು ಮುಟ್ಟಿಸಿದವನು ಎಂದು ಸಲಾದೀನನ ಜೊತೆಗಿದ್ದ ಬಹಾ ಅದ್ದೀನ್ ಬರೆದಿದ್ದಾನೆ.

ಸಂಜೆ ವ್ಯಾನು ಹಿಡಿಯಲು ಪೂರ್ವದ ಕೋಟೆಗೋಡೆ ಕಡೆ ಬಂದೆ. ಮೇಲೆ ಹಳೇ ಫಿರಂಗಿಗಳಿವೆ. ದೂರದ ದಿಬ್ಬಕ್ಕೆ ನೆಪೋಲಿಯನ್ ಗುಡ್ಡ ಅನ್ನುತ್ತಾರೆ. 1799ರ ಮಾರ್ಚ್‌ನಿಂದ ಸುಮಾರು ಎರಡು ತಿಂಗಳು ಅವನು ಈ ಊರಿನ ಹೊರಗೆ ಹೆಣಗಿದ. ಆ ಜನವರಿಯಲ್ಲೇ ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದಿದ್ದ, ಇಂಗ್ಲಿಷರಿಂದ ನಿನ್ನನ್ನು ಬಿಡಿಸಲು ಭಾರಿ ಸೈನ್ಯದೊಂದಿಗೆ ಬಂದಿದ್ದೇನೆ ಅಂತ. ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಅದಕ್ಕೂ ಮುಂಚೆ ಟಿಪ್ಪು ಮಾರಿಷಸ್‌ನ ಫ್ರೆಂಚರಿಗೆ ಸಹಾಯ ಕೇಳಿ ಜನ ಕಳಿಸಿದ್ದ. 1798ರಲ್ಲಿ ಮಂಗಳೂರಿಗೆ ಬಂದಿಳಿದವರು ಹೆಚ್ಚೂಕಮ್ಮಿ ನೂರು ಜನ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟು ನೆಪ ಸಾಕಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ನೆಪೋಲಿಯನ್ ಇನ್ನೂ ಇಲ್ಲೇ, ಈ ಗೋಡೆಯ ಆಚೆಗೆ ಇದ್ದ. ಬೆಂಗಳೂರಿನಲ್ಲಿ ಕೂತು ಇದನ್ನು ಓದಿದ್ದೆ. ದಿಬ್ಬ ಇಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ.

ವ್ಯಾನು ಸಿಗಲು ಒಂದೂವರೆ ಗಂಟೆ ಕಾದೆ. ಅಷ್ಟರಲ್ಲಿ ಫೋನ್ ಚಾರ್ಜ್ ಮುಗಿದು ಆಫ್ ಆಗಿತ್ತು. ಹೈಫಾದ ರೂಮಿಗೆ ಬಂದು ಚಾರ್ಜಿಗೆ ಹಾಕಿದ ಮೇಲೆ ಅಕ್ಕನ ಮೂರು ಮೆಸೇಜ್ ಒಟ್ಟಿಗೆ ಬಂದವು. "ಗಾಡಿ ಸಿಕ್ತಾ?" "ಎಲ್ಲಿದ್ದೀರಿ ಮಾರಾಯ್ರೆ?" ಮೂರನೆಯದು: "ಅಜ್ಜಿ ಮಗನಿಗೆ ಹೇಳಿದ್ದೇನೆ, ಅವರು ಕಾರು ತಗೊಂಡು ಅಕ್ಕೋಗೆ ಹೊರಟಾಯ್ತು."