ಲಂಡನ್ನಿನ ನೀರಿನಲ್ಲಿ ಮಂಡ್ಯದ ಟೀ

ರಜೆಗೆಂದು ಮಂಡ್ಯಕ್ಕೆ ಬಂದು ಹನ್ನೆರಡು ದಿನಗಳಾದವು. ಈ ಹನ್ನೆರಡು ದಿನಗಳಲ್ಲಿ ನಾನು ಕುಡಿದ ಟೀಯ ಲೆಕ್ಕ ಅವ್ವನ ಬಳಿ ಮಾತ್ರ ಇದೆ. ಮೈಸೂರು ಸೀಮೆಯವನಾಗಿ ಕಾಫಿಯನ್ನು ಬಿಟ್ಟು ಟೀಗೆ ಹಂಬಲಿಸುತ್ತಾನಲ್ಲ ಎಂದು ನೆಂಟರು ನಗುತ್ತಾರೆ. ಆದರೆ ಕಾಫಿಯ ವಿಷಯದಲ್ಲಿ ಪರದೇಶ ನನ್ನನ್ನು ಅಷ್ಟೇನೂ ಸತಾಯಿಸಲಿಲ್ಲ. ಚಿಕೋರಿ ಬೆರೆಸಿದ ಪುಡಿಯನ್ನೂ ಸ್ಟೀಲಿನ ಫಿಲ್ಟರನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರೆ ಡಿಕಾಕ್ಷನ್ ಎಲ್ಲಿಯಾದರೂ ಇಳಿಯುತ್ತದೆ. ಟೀ ಹಾಗಲ್ಲ. ದಿನಕ್ಕೆ ಐದಾರು ಬಾರಿ ಟೀ ಕುಡಿಯುವವರ ನಡುವೆಯೇ ನಾಲ್ಕು ವರ್ಷ ಲಂಡನ್ನಿನಲ್ಲಿ ಕಳೆದರೂ ನನಗೆ ಬೇಕಾದ ಒಂದು ಲೋಟ ಟೀ ಅಲ್ಲಿ ಸಿಗಲಿಲ್ಲ.

ಅಲ್ಲಿನ ಕಚೇರಿಯಲ್ಲಿ ಟೀ ಎಂದರೆ ಒಂದು ಕಪ್ಪು, ಅದರೊಳಗೊಂದು ಪೊಟ್ಟಣ, ಮೇಲಿನಿಂದ ಕೆಟಲಿನ ನೀರು, ಕೊನೆಗೆ ಫ್ರಿಜ್ಜಿನಿಂದ ಆಗತಾನೇ ತೆಗೆದ ತಣ್ಣನೆಯ ಹಾಲು. ಅದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಅದರ ಪಾಡಿಗೆ ಅದೊಂದು ಪಾನೀಯ. ಆದರೆ ಹಾಲು ಒಲೆಯನ್ನೇ ಕಾಣದ ಮೇಲೆ ಅದರಲ್ಲಿ ಕಾದ ಹಾಲಿನ ಕಂಪೆಲ್ಲಿಂದ ಬರಬೇಕು?

ಮೊದಮೊದಲು ತಪ್ಪೆಲ್ಲ ಪುಡಿಯದೇ ಎಂದುಕೊಂಡು ಊರಿನಿಂದ ಎರಡು ಕಿಲೋ ಹೊತ್ತೊಯ್ದೆ. ಆಮೇಲೆ ತಿಳಿಯಿತು, ಅಲ್ಲಿನ ಪೊಟ್ಟಣಗಳಲ್ಲಿ ಇರುವುದೂ ಬಹುಪಾಲು ನಾವು ಬಳಸುವಂಥದೇ ಸಿಟಿಸಿ ಟೀ. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿದ ಕಾಳು. ಕೀನ್ಯಾದ್ದೋ ಅಸ್ಸಾಮಿನದ್ದೋ ಆಗಿರುತ್ತದೆ, ಅಷ್ಟೇ. ಎರಡು ಕಿಲೋ ತಂದ ಪುಡಿಯಲ್ಲಿ ಕಾಸಿದ ಟೀಯೂ ಸಪ್ಪೆಯಾಗಿಯೇ ಇತ್ತು. ಮೇಲಾಗಿ ಹಾಲು ಹಾಕುವ ಮೊದಲೇ, ಕೆರೆಯ ನೀರಿನ ಮೇಲೆ ಎಣ್ಣೆ ಹರಡಿದಂತೆ, ಕಂದು ಬಣ್ಣದ ತೆಳ್ಳನೆಯ ಪೊರೆಯೊಂದು ಅದರ ಮೇಲೆ ತೇಲುತ್ತಿತ್ತು. ಚಮಚ ಆಡಿಸಿದರೆ ಚೂರುಚೂರಾಗಿ ಲೋಟದ ಗೋಡೆಗೆ ಅಂಟಿಕೊಳ್ಳುತ್ತಿತ್ತು.

ಫೋನಿನಲ್ಲಿ ಇದನ್ನು ಹೇಳಿದಾಗ ಅವ್ವ ಪುಡಿಯ ಮಾತನ್ನೇ ಎತ್ತಲಿಲ್ಲ. "ನೀರು ಯಾವುದು? ಬೋರ್ ನೀರಾ?" ಎಂದಳು. ಹಳ್ಳಿಯ ಮನೆಯಲ್ಲಿದ್ದಾಗ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಅಡುಗೆಗೆ ಬೇರೆ ನೀರು ಹೊತ್ತು ತರುತ್ತಿದ್ದವಳು ಅವಳು. ಟೌನಿಗೆ ಬಂದ ಮೇಲೂ ಟೀಗೆ ನಲ್ಲಿಯ ಕಾವೇರಿ ನೀರೇ ಆಗಬೇಕು. ಲಂಡನ್ನಿನ ನೀರು ಸುಣ್ಣಕಲ್ಲಿನ ನೆಲದಿಂದ ಬರುವ ಗಡಸು ನೀರು. ಅದರೊಳಗಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟು, ಟೀಯ ಪಾಲಿಫಿನಾಲುಗಳು, ಗಾಳಿಯ ಆಮ್ಲಜನಕ ಇವೆಲ್ಲ ಕೂಡಿ ಆ ಪೊರೆ ಕಟ್ಟುತ್ತದೆ ಎಂಬುದನ್ನು ನಾನು ಓದಿ ತಿಳಿದುಕೊಂಡೆ; ಅವ್ವನಿಗೆ ಬೇಳೆಯೇ ಅದನ್ನು ಕಲಿಸಿತ್ತು. ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟಿದ್ದನ್ನು ನಿತ್ಯವೂ ನೋಡುತ್ತಿದ್ದ ನನಗೆ ಮಾತ್ರ ಹೊಳೆದಿರಲಿಲ್ಲ. ಸೋಸುವ ಜಗ್ ಒಂದನ್ನು ಕೊಂಡು ತಂದ ದಿನವೇ ಟೀಗೆ ಬಣ್ಣ ಬಂತು. ಕುದಿಯುವ ಬಿಸಿಯನ್ನೇ ನೋಡುವುದಾದರೆ, ಸಮುದ್ರಮಟ್ಟದ ಲಂಡನ್ನಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಸುಮಾರು 700 ಮೀಟರ್ ಎತ್ತರದ ಮಂಡ್ಯದಲ್ಲಿ 98ಕ್ಕೂ ತುಸು ಕೆಳಗೇ ಕುದಿಯುತ್ತದೆ. ಆ ಲೆಕ್ಕದಲ್ಲಿ ಒಳ್ಳೆಯ ಟೀ ಅಲ್ಲಿಯೇ ಆಗಬೇಕಿತ್ತು!

ಒಲೆಯದು ಇನ್ನೊಂದು ಕಥೆ. ಗ್ಯಾಸಿನ ಒಲೆಯಲ್ಲಿ ಉಕ್ಕು ಬಂದಾಗ ತಿರುಪು ತಗ್ಗಿಸಿದರೆ ಹಾಲು ಮರುಕ್ಷಣವೇ ಕುಗ್ಗುತ್ತದೆ, ಮತ್ತೆ ಏರಿಸಿದರೆ ಮತ್ತೆ ಏಳುತ್ತದೆ. ಹೀಗೆ ಮೂರು ಸಲ ಎದ್ದು ಬಿದ್ದ ಟೀಗೇ ಹದ. ನಾನಿದ್ದ ಮನೆಯ ಕರೆಂಟಿನ ಒಲೆ ಆರಿಸಿದ ಮೇಲೂ ಕೆಂಪಗೆ ಉರಿಯುತ್ತಲೇ ಇರುತ್ತಿತ್ತು. ಉಕ್ಕಿದ ಹಾಲು ಗಾಜಿನ ಮೇಲೆ ಸೀದು, ಜೊತೆಗಿದ್ದವರ ಮುಂದೆ ನಾನು ಬ್ಲೇಡಿನಿಂದ ಕೆರೆಯುತ್ತ ನಿಂತ ಸಂಜೆಗಳು ಎಷ್ಟೋ. ಕೊನೆಗೆ ಪಾತ್ರೆಯನ್ನೇ ಎತ್ತಿ ಹಿಡಿದು ಇಳಿಸುವುದನ್ನು ಕಲಿತೆ.

ಇಷ್ಟಾದ ಮೇಲೆ, ಊರಿನ ಆಲೆಮನೆಯ ಬೆಲ್ಲ ಹಾಕಿದರೆ ಎಲ್ಲವೂ ಸರಿಹೋಗುತ್ತದೆಂದು ಕುದಿಯುವ ಟೀಗೆ ಒಂದು ತುಂಡನ್ನು ಹಾಕಿದೆ, ಹಾಲು ಒಡೆಯಿತು. ಮತ್ತೆ ಫೋನು.

"ಇಳಿಸ್ಬುಟ್ಟು ಬೆಲ್ಲ ಹಾಕ್ಬೇಕು ಕಣ್ಮಗ, ಒಲೆ ಮ್ಯಾಲೆ ಹಾಕುದ್ರೆ ಒಡೀದೆ ಇನ್ನೇನಾಗ್ತದೆ?"

ಈಗ ಲಂಡನ್ನಿನಲ್ಲಿ ನಾನು ಕಾಸುವ ಟೀ, ಶುಂಠಿ ಜಜ್ಜಿ ಹಾಕಿದ ದಿನ, ಮುಕ್ಕಾಲುಪಾಲು ಮನೆಯ ಟೀಯೇ. ಉಳಿದ ಕಾಲುಪಾಲು ಏನೆಂದು ನಿನ್ನೆ ಬಸ್‌ಸ್ಟ್ಯಾಂಡಿನ ಬಳಿಯ ಗೂಡಂಗಡಿಯಲ್ಲಿ ನಿಂತಾಗ ಗೊತ್ತಾಯಿತು. ಅಂಗಡಿಯವರು ಕಪ್ಪಾಗಿಹೋದ ಬಟ್ಟೆಯ ಸೋಸುಚೀಲವನ್ನು ಹಿಂಡಿ, ಮೇಲಿನಿಂದ ಎತ್ತಿ ಸುರಿದು, ನೊರೆ ಕಟ್ಟಿದ ಲೋಟವನ್ನು ನಾನು ಕೇಳುವ ಮೊದಲೇ ಮುಂದಕ್ಕೆ ತಳ್ಳಿದರು. ಅಲ್ಲಿ ನಾಲ್ಕು ವರ್ಷವೂ ನನ್ನ ಟೀಯನ್ನು ನಾನೇ ಕಾಸಿಕೊಂಡಿದ್ದೆ.

ನಾಡಿದ್ದು ಹೊರಡಬೇಕು. ಪೆಟ್ಟಿಗೆಯಲ್ಲಿ ಈ ಸಲ ಟೀಪುಡಿ ಬೇಡ, ಅಲ್ಲಿಯೇ ಸಿಗುತ್ತದೆ ಎಂದು ಹೇಳಿದ್ದಕ್ಕೆ ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು.

"ಅಂಗಾದ್ರೆ ಒಂದು ಕ್ಯಾನು ನೀರು ಕಟ್ಕೊಡ್ಲಾ?"