ಬೀಗ ಹಾಕಿದ ಏಳು ಮನೆಗಳು

ಕಳೆದ ಮಾರ್ಗಶಿರದಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ತೀರಿಕೊಂಡರು. ಹನ್ನೊಂದನೆಯ ದಿನ ಅವರ ಮನೆಯ ಹಜಾರದಲ್ಲಿ 1991ರಲ್ಲಿ ಬಿ.ಎ. ಮುಗಿಸಿದ ನಾವು ಒಂಬತ್ತು ಜನ ಸೇರಿದ್ದೆವು. ಮೂರು ವರ್ಷ ಓದಿದ ಹಣ ಮತ್ತು ಬ್ಯಾಂಕಿಂಗ್, ಸಾರ್ವಜನಿಕ ಹಣಕಾಸುಗಳ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಎಲ್ಲರೂ ಮಾತಾಡಿದ್ದು ಅಂತಿಮ ವರ್ಷದ ಚಳಿಗಾಲದಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆಯಂಚಿನ ಒಂದು ಹಳ್ಳಿಯಲ್ಲಿ ನಾವು ಮಾಡಿದ ಸಮೀಕ್ಷೆಯ ಬಗ್ಗೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೂ ಬೇರೇನೂ ಹೊಳೆಯಲಿಲ್ಲ.

ಆಗ ಪಠ್ಯಕ್ರಮದಲ್ಲಿ ಸಂಶೋಧನೆ ಎಂಬ ಪತ್ರಿಕೆ ಇರಲಿಲ್ಲ, ಅದಕ್ಕೆ ಅಂಕಗಳೂ ಇರಲಿಲ್ಲ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಮೇಷ್ಟ್ರು ಆಸಕ್ತಿಯಿದ್ದವರನ್ನು ಉಳಿಸಿಕೊಳ್ಳುತ್ತಿದ್ದರು. ಪದವಿ ಓದುವ ಹುಡುಗರಿಂದ ಸಂಶೋಧನೆ ಸಾಧ್ಯವೇ ಎಂದು ಸಹೋದ್ಯೋಗಿಗಳು ಕೇಳಿದರೆ ಅವರು ಗಿಲ್ಬರ್ಟ್ ಸ್ಲೇಟರ್ ಅವರ ಕಥೆ ಹೇಳುತ್ತಿದ್ದರು. 1915ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಸ್ಲೇಟರ್, ರಜೆಗೆ ಊರಿಗೆ ಹೊರಟ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು, ಅವರವರ ಹಳ್ಳಿಯ ಹೊಲ, ಕೂಲಿ, ಸಾಲಗಳ ಲೆಕ್ಕ ಬರೆದು ತರುವಂತೆ ಹೇಳಿದರು. ಅದು 1918ರಲ್ಲಿ ಪುಸ್ತಕವಾಯಿತು. ಸುಮಾರು ಇಪ್ಪತ್ತು ವರ್ಷಗಳ ನಂತರ ಅದೇ ಹಳ್ಳಿಗಳಲ್ಲಿ ಕೆಲವನ್ನು ಬೇರೆಯವರು ಮತ್ತೆ ಸಮೀಕ್ಷೆ ಮಾಡಿ, ಏನು ಬದಲಾಯಿತೆಂದು ಹೋಲಿಸಿ ನೋಡಿದರು. ಮೊದಲ ಸಾರಿ ವಿದ್ಯಾರ್ಥಿಗಳು ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದಲೇ ಎರಡನೆಯ ಸಾರಿ ಹೋಲಿಸಲು ಸಾಧ್ಯವಾಯಿತು ಎಂಬುದು ಮೇಷ್ಟ್ರ ವಾದ.

ನಮ್ಮ ಸೀಮೆಯದೇ ಒಂದು ಉದಾಹರಣೆಯನ್ನೂ ಅವರು ಕೊಡುತ್ತಿದ್ದರು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು, ನಾಲೆಯ ನೀರು ಸಿಕ್ಕ ಊರೂ ಸಿಗದ ಊರೂ ಹೇಗೆ ಬೇರೆ ಬೇರೆ ದಾರಿ ಹಿಡಿದವೆಂದು ಅಧ್ಯಯನ ಮಾಡಿದ್ದರು. ನೀರು ಸಿಕ್ಕ ಊರು ಕಬ್ಬು ಬೆಳೆದು ತನ್ನ ಹಳೆಯ ವ್ಯವಸ್ಥೆಯಲ್ಲೇ ಗಟ್ಟಿಯಾಯಿತು. ನೀರು ಸಿಗದ ಊರಿನವರು ನೌಕರಿ, ವ್ಯಾಪಾರ ಎಂದು ಹೊರಗೆ ಹೊರಟರು. ಎಪ್‌ಸ್ಟೈನ್ ಆ ಊರುಗಳಿಗೆ ಕೊಟ್ಟ ವಂಗಳ, ದಲೇನ ಎಂಬ ಹೆಸರುಗಳು ನಿಜವಾದ ಹೆಸರುಗಳಲ್ಲ. ನಿಜವಾದ ಊರು ಯಾವುದೆಂದು ಪತ್ತೆ ಮಾಡಲು ನಾವು ಹೊರಟಾಗ ಮೇಷ್ಟ್ರು ತಡೆದರು. ಮನೆಯೊಳಗಿನ ಸಾಲವನ್ನು ನಂಬಿ ಹೇಳಿದವರ ಊರನ್ನು ಬಯಲಿಗೆಳೆಯಬಾರದು ಎಂದರು. ನಾವು ಹೋದ ಹಳ್ಳಿಯ ಹೆಸರನ್ನು ನಾನು ಇಲ್ಲಿ ಬರೆಯದಿರುವುದೂ ಅದೇ ಕಾರಣಕ್ಕೆ.

ನಾವು ಐದು ಜನ, ತಲಾ 12 ನಮೂನೆ, ಒಟ್ಟು 60 ಮನೆ. ಒಂದು, ಎರಡು, ಮೂರು ಎಂದು ಬರೆದ ಚೀಟಿಗಳಲ್ಲಿ ಒಂದನ್ನು ಎತ್ತಿ, ಬಂದ ಸಂಖ್ಯೆಯ ಮನೆಯಿಂದ ಆರಂಭಿಸಿ ಮೂರು ಮನೆಗೊಂದರಂತೆ ಹೋಗಬೇಕು. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ, ಅದೇ ಮನೆಗೆ ಮತ್ತೆ ಹೋಗಬೇಕು. ಈ ಕೊನೆಯ ನಿಯಮ ನಮಗೆ ಬರಿಯ ಹಟದಂತೆ ಕಂಡಿತ್ತು.

ಮೂರನೆಯ ಭಾನುವಾರದ ಹೊತ್ತಿಗೆ ಏಳು ಮನೆಗಳು ಉಳಿದಿದ್ದವು. ಎರಡು ಸಾರಿ ಹೋದರೂ ಬೀಗ. ಆವತ್ತು ಊರಾಚೆಯ ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುತ್ತಿದ್ದರು. ಕಬ್ಬಿನ ಹಾಲು ಕುಡಿದು, ಬಾಳೆಯೆಲೆಯ ತುಂಡಿನಲ್ಲಿ ಕೊಟ್ಟ ಬಿಸಿ ಬೆಲ್ಲ ತಿಂದು, ರಚ್ಚಿನ ರಾಶಿಯ ನೆರಳಿನಲ್ಲಿ ಕುಳಿತು ಆ ಏಳು ನಮೂನೆಗಳನ್ನು ನಾವೇ ತುಂಬಿಬಿಟ್ಟೆವು. ಯಜಮಾನನ ವಯಸ್ಸು, ಜಮೀನು, ಸಾಲ, ಕೂಲಿಯ ದಿನಗಳು ಎಲ್ಲವನ್ನೂ ಬಹಳ ಜಾಗ್ರತೆಯಿಂದ, ಒಂದರಂತೆ ಇನ್ನೊಂದು ಕಾಣಬಾರದೆಂದು ಯೋಚಿಸಿ ಬರೆದೆವು. ಬರೆಯುವ ಕೈ ಹೆಚ್ಚಾಗಿ ನನ್ನದೇ ಆಗಿತ್ತು.

ಸೋಮವಾರ ಮೇಷ್ಟ್ರು 60 ನಮೂನೆಗಳನ್ನು ಮೇಜಿನ ಮೇಲೆ ಹರಡಿ, ಅರ್ಧ ಗಂಟೆಯಲ್ಲಿ ಆ ಏಳನ್ನೂ ಬೇರೆ ಮಾಡಿ ಇಟ್ಟರು. ನಮಗೆ ಉಸಿರು ನಿಂತಂತಾಯಿತು. ಅವರು ಹೇಗೆ ಕಂಡುಹಿಡಿದರೆಂಬುದನ್ನು ನಾನು ಈಗಲೂ ಪ್ರತಿ ತರಬೇತಿಯಲ್ಲಿ ಹೇಳುತ್ತೇನೆ. ನಿಜವಾದ ನಮೂನೆಗಳಲ್ಲಿ ವಯಸ್ಸು 40, 45, 50, 60 ಎಂದಿತ್ತು. ನಮ್ಮವುಗಳಲ್ಲಿ 37, 43, 52, 58. ನಿಜವಾದವುಗಳಲ್ಲಿ ಜಮೀನು 1 ಎಕರೆ 12 ಗುಂಟೆ, 27 ಗುಂಟೆ ಎಂದಿತ್ತು. ನಮ್ಮವುಗಳಲ್ಲಿ 2 ಎಕರೆ, 3 ಎಕರೆ. "ಹುಟ್ಟಿದ ದಿನ ಬರೆದಿಡದವರು ವಯಸ್ಸನ್ನು ಅಂದಾಜಿನಲ್ಲಿ ಹೇಳುತ್ತಾರೆ, ಪಾಲಾಗಿ ಬಂದ ಭೂಮಿಯನ್ನು ಗುಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. ನೀವು ಅದನ್ನು ತಿರುವುಮುರುವು ಮಾಡಿದ್ದೀರಿ" ಎಂದರು. ನಮ್ಮ ಜನಗಣತಿಗಳಲ್ಲೂ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸುಗಳ ಸುತ್ತ ಜನ ಗುಂಪುಗೂಡಿರುತ್ತಾರೆಂದೂ ಅದನ್ನು ಅಳೆಯಲು ವಿಪಲ್ ಸೂಚ್ಯಂಕವೆಂಬ ಲೆಕ್ಕವೇ ಇದೆಯೆಂದೂ ನಾವು ತಿಳಿದದ್ದು ಆ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತಾಗ.

ಅವರು ಬೈಯಲಿಲ್ಲ, ಪ್ರಿನ್ಸಿಪಾಲರಿಗೆ ಹೇಳಲೂ ಇಲ್ಲ. ಮರುದಿನ ನಸುಕಿನ ಐದೂವರೆಗೆ ನಮ್ಮನ್ನು ಕರೆದುಕೊಂಡು ಅದೇ ಹಳ್ಳಿಗೆ ಹೊರಟರು. ಏಳರಲ್ಲಿ ಐದು ಮನೆಗಳು ಭೂಮಿಯಿಲ್ಲದ ಕೂಲಿಗಳವು. ನಾಲೆಯ ಮೇಲ್ಭಾಗದ ಊರುಗಳಿಗೆ ಕಬ್ಬು ಕಡಿಯಲು ಬೆಳಕು ಹರಿಯುವ ಮೊದಲೇ ಹೊರಟು, ಕತ್ತಲಾದ ಮೇಲೆ ಮರಳುತ್ತಿದ್ದರು. ಒಂದರಲ್ಲಿ ಒಬ್ಬ ವಿಧವೆ ಇದ್ದರು, ಅವರೂ ಕೂಲಿಗೆ ಹೋಗುವವರೇ. ಇನ್ನೊಂದು ಮನೆಯವರು ಬೆಂಗಳೂರಿಗೆ ವಲಸೆ ಹೋಗಿದ್ದರು. ನಾವು ಎಕರೆಗಟ್ಟಲೆ ಜಮೀನು ಬರೆದುಕೊಟ್ಟಿದ್ದ ಮನೆಗಳಲ್ಲಿ ಒಂದು ಗುಂಟೆಯೂ ಇರಲಿಲ್ಲ. ಹಗಲಲ್ಲಿ ಬೀಗ ಬೀಳುತ್ತಿದ್ದದ್ದು ಊರಿನ ಅತ್ಯಂತ ಬಡವರ ಬಾಗಿಲಿಗೆ. ಅವರನ್ನು ಬಿಟ್ಟು ಪಕ್ಕದ ಮನೆಗೆ ಹೋಗಿದ್ದರೂ ನಮ್ಮ ಸರಾಸರಿ ಸುಳ್ಳಾಗುತ್ತಿತ್ತು.

ಆ ಮನೆಗಳ ಸಾಲದ ಲೆಕ್ಕದಲ್ಲಿ ನಾವು ಇನ್ನೊಮ್ಮೆ ಎಡವಿದೆವು. "ಮೂರು ರೂಪಾಯಿ ಬಡ್ಡಿ" ಎಂದು ಅವರು ಹೇಳಿದ್ದನ್ನು ಶೇಕಡಾ 3 ಎಂದು ಬರೆದು, ಸಹಕಾರ ಸಂಘದ ಸಾಲಕ್ಕಿಂತ ಖಾಸಗಿ ಸಾಲವೇ ಅಗ್ಗ ಎಂಬ ತೀರ್ಮಾನಕ್ಕೆ ಬಂದಿದ್ದೆವು. ಮೇಷ್ಟ್ರು "ಎಷ್ಟು ದಿನಕ್ಕೆ?" ಎಂದು ಮಾತ್ರ ಕೇಳಿದರು. ಅದು ನೂರು ರೂಪಾಯಿಗೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇಕಡಾ 36. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು ಅರ್ಥಶಾಸ್ತ್ರ ಓದುವ ನಮಗೆ ಗೊತ್ತಿರಲಿಲ್ಲ, ಏಕೆಂದರೆ ನಮ್ಮ ಪುಸ್ತಕದಲ್ಲಿ ಬಡ್ಡಿಯೆಂದರೆ ವಾರ್ಷಿಕವೇ ಆಗಿತ್ತು.

ಬರವಣಿಗೆಯನ್ನು ತಿದ್ದಿದವರು ಕನ್ನಡ ವಿಭಾಗದ ಮೇಡಂ. ವರದಿಯ ಮೊದಲ ಪ್ರತಿಯಲ್ಲಿ "ಹೆಚ್ಚಿನ ಜನರು ಸಾಲಗ್ರಸ್ತರಾಗಿರುವುದು ಕಂಡುಬರುತ್ತದೆ" ಎಂದು ಬರೆದಿದ್ದೆ. "ಯಾರಿಗೆ ಕಂಡುಬರುತ್ತದೆ? ಹೆಚ್ಚಿನ ಜನರೆಂದರೆ 31 ಮನೆಯೋ 59 ಮನೆಯೋ?" ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು. ವರದಿಯಲ್ಲಿ ಹದಿನಾಲ್ಕು ಕಡೆ ಇದ್ದ "ಕಂಡುಬರುತ್ತದೆ"ಯನ್ನು ಹೊಡೆದುಹಾಕಿ, ಪ್ರತಿ ಕೋಷ್ಟಕದ ಕೆಳಗೆ ಅದು ಹೇಳುವುದನ್ನು ಒಂದೇ ವಾಕ್ಯದಲ್ಲಿ, ಯಾರು ಎಷ್ಟು ಎಂದು ಬರೆಸಿದರು. ನನ್ನ ಬರವಣಿಗೆ ಸ್ಪಷ್ಟವಾಗಿದೆಯೆಂದು ಈಗ ಹಲವರು ಹೇಳುತ್ತಾರೆ. ಆ ಮೆಚ್ಚುಗೆ ಸಲ್ಲಬೇಕಾದದ್ದು ಆ ಕೆಂಪು ಶಾಯಿಗೆ.

ವರದಿ ಸಿದ್ಧವಾದ ಮೇಲೆ ಮೇಷ್ಟ್ರು ಅದನ್ನು ಕಾಲೇಜಿನ ಸಭಾಂಗಣದಲ್ಲಿ ಓದಿಸಲಿಲ್ಲ. ಮಾರ್ಚ್ ತಿಂಗಳ ಒಂದು ಸಂಜೆ ಅದೇ ಊರಿನ ಅರಳಿಕಟ್ಟೆಯಲ್ಲಿ ಓದಿಸಿದರು. ನಾನು ಓದುತ್ತಿದ್ದಂತೆ ಹಿಂದೆ ನಿಂತಿದ್ದ ಒಬ್ಬ ಹೆಂಗಸು, "ಎಮ್ಮೆ ಮೇಯಿಸೋರು, ಹಾಲು ಕರೆಯೋರು, ಡೇರಿಗೆ ಹಾಕೋರು ನಾವು. ನಮ್ಮನ್ನ ಏನೂ ಕೇಳಲೇ ಇಲ್ವಲ್ಲ?" ಎಂದರು. ನಿಜ. ಗಂಡಸರು "ಮನೇಲಿರ್ತಾಳೆ" ಎಂದದ್ದನ್ನು ನಾವು ಹಾಗೆಯೇ ಬರೆದುಕೊಂಡಿದ್ದೆವು. ಅದರ ಹಿಂದಿನ ತಿಂಗಳಷ್ಟೇ ನಡೆದಿದ್ದ 1991ರ ಜನಗಣತಿಯಲ್ಲಿ, ಹೊಲದಲ್ಲೋ ಮನೆಯ ಉದ್ಯಮದಲ್ಲೋ ಕೂಲಿಯಿಲ್ಲದೆ ದುಡಿಯುವುದೂ ಕೆಲಸವೇ ಎಂದು ಪ್ರಶ್ನೆಯಲ್ಲೇ ಸೇರಿಸಿದ್ದರು. ದೇಶದ ಗಣತಿಗೆ ಹೊಳೆದದ್ದು ನಮಗೆ ಹೊಳೆದಿರಲಿಲ್ಲ. ಪರೀಕ್ಷೆ ಹತ್ತಿರವಿದ್ದರೂ ನಾವು ಇನ್ನೂ ಎರಡು ಭಾನುವಾರ ಹೋಗಿ ಹೆಂಗಸರೊಡನೆ ಮಾತಾಡಿ ಬಂದೆವು.

ಮೂವತ್ತು ವರ್ಷಗಳಿಂದ ಗ್ರಾಮೀಣ ಸಮೀಕ್ಷೆಯೇ ನನ್ನ ಕಸುಬು. ನಾನು ರೂಪಿಸಿದ ಪ್ರಶ್ನಾವಳಿಗಳು ನಾಲ್ಕು ಭಾಷೆಗಳಲ್ಲಿ ಬಳಕೆಯಾಗಿವೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಪದವಿ ವಿದ್ಯಾರ್ಥಿಗಳ ಯೋಜನಾ ವರದಿಗಳನ್ನು ಮೌಲ್ಯಮಾಪನ ಮಾಡಲು ಆಗಾಗ ಕರೆಯುತ್ತಾರೆ. 2021ರಲ್ಲಿ ನಮ್ಮ ರಾಜ್ಯಕ್ಕೆ ನಾಲ್ಕು ವರ್ಷದ ಪದವಿ ಬಂದಾಗ, ಕೊನೆಯ ವರ್ಷದ ಸಂಶೋಧನೆ ಎಲ್ಲರಿಗೂ ಸಿಕ್ಕೀತೆಂದು ಸಂತೋಷಪಟ್ಟಿದ್ದೆ. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ವರ್ಷಗಳ ಎಣಿಕೆಗಿಂತ ನನ್ನನ್ನು ಕಾಡುವುದು ಬೇರೆ. ಈಗ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆವಾರು ದತ್ತಾಂಶ ಹುಡುಗರಿಗೆ ಕುಳಿತಲ್ಲೇ ಸಿಗುತ್ತದೆ, ನಾವು ಕನಸಿನಲ್ಲೂ ಎಣಿಸದ ಭಾಗ್ಯ ಅದು. ಆದರೆ ಸ್ವಂತ ಸಮೀಕ್ಷೆ ಎಂದಾಗ ಗೂಗಲ್ ಫಾರ್ಮ್ ಒಂದನ್ನು ವಾಟ್ಸ್ಆ್ಯಪ್ ಗುಂಪಿಗೆ ಕಳುಹಿಸಿ ನೂರು ಉತ್ತರ ತರಿಸಿಕೊಳ್ಳುತ್ತಾರೆ. ಉತ್ತರ ಕೊಟ್ಟವರೆಲ್ಲ ಅವರದೇ ವಯಸ್ಸಿನವರು, ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವವರು. ಬೀಗ ಹಾಕಿದ ಮನೆ ಅಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಇದಕ್ಕೆ ಮಕ್ಕಳನ್ನು ದೂರಲಾರೆ. ಗಂಟೆಗಳ ಲೆಕ್ಕದಲ್ಲಿ ದುಡಿಯುವ ಅತಿಥಿ ಉಪನ್ಯಾಸಕರಿಗೆ ನಸುಕಿನ ಐದೂವರೆಗೆ ಹಳ್ಳಿಗೆ ಕರೆದೊಯ್ಯುವ ಬಿಡುವನ್ನಾಗಲಿ ಭದ್ರತೆಯನ್ನಾಗಲಿ ನಾವು ಕೊಟ್ಟಿಲ್ಲ.

ಹನ್ನೊಂದನೆಯ ದಿನ ನಾವು ಹೊರಡುವಾಗ ಮೇಷ್ಟ್ರ ಮಗಳು ಒಳಗಿನಿಂದ ಒಂದು ಕಟ್ಟು ತಂದು ನನ್ನ ಕೈಗೆ ಕೊಟ್ಟರು. ನಮ್ಮ 60 ನಮೂನೆಗಳು, ಊರಿನ ಕೈನಕ್ಷೆ, ಹೆಂಗಸರೊಡನೆ ಮಾತಾಡಿ ಬರೆದ ಹಾಳೆಗಳು. ಪ್ರತಿ ನಮೂನೆಯ ಮೇಲೆ ಸಂಖ್ಯೆ ಮಾತ್ರ ಇದೆ. ಯಾವ ಸಂಖ್ಯೆ ಯಾರದೆಂದು ಹೇಳುವ ಹೆಸರಿನ ಪಟ್ಟಿಯನ್ನು ಮೇಷ್ಟ್ರು ಊರಿನವರಿಗೆ ಮಾತು ಕೊಟ್ಟಂತೆ ಆಗಲೇ ನಾಶ ಮಾಡಿದ್ದರು. ನಾವು ಆಲೆಮನೆಯಲ್ಲಿ ತುಂಬಿದ ಏಳು ನಮೂನೆಗಳೂ ಬೇರೆ ದಾರ ಕಟ್ಟಿಸಿಕೊಂಡು ಜೊತೆಗಿವೆ. ಎಲ್ಲವನ್ನೂ ನಮ್ಮ ಅರ್ಥಶಾಸ್ತ್ರ ವಿಭಾಗಕ್ಕೆ ಒಪ್ಪಿಸಿದ್ದೇನೆ. ಈಗಿನ ವಿದ್ಯಾರ್ಥಿಗಳು ಅದೇ ಊರನ್ನು ಮತ್ತೆ ಸಮೀಕ್ಷೆ ಮಾಡಲು ಮುಂದೆ ಬಂದರೆ ಮೊದಲ ದಿನ, ಬೆಳಕು ಹರಿಯುವ ಮೊದಲು, ನಾನೂ ಅವರ ಜೊತೆ ಹೊರಡುತ್ತೇನೆ.