ನಾನು ಬರೆದ 90 ದಿನದ ಕ್ವೆರಿ

ಅಮ್ಮ ಊರಲ್ಲಿ ಎಲ್ಲರಿಗೂ ನನ್ನದು "ಕಂಪ್ಯೂಟರ್ ಕೆಲಸ" ಅಂತ ಹೇಳುತ್ತಾಳೆ. ತಪ್ಪೇನಿಲ್ಲ. ಯಾವ ಕಂಪನಿ ಅಂತ ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತಾಳೆ. ನಾನು ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿದ್ದೇನೆ, ಹೆಸರು ಬೇಡ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲಾಡಳಿತ. ಆದರೆ ಡಿಸಿ ಇಲ್ಲ, ಗೆದ್ದು ಬಂದ ಐದು ಜನ ಸೂಪರ್‌ವೈಸರ್‌ಗಳು ನಡೆಸುತ್ತಾರೆ. ಜೈಲು, ಆರೋಗ್ಯ ಇಲಾಖೆ, ಬಡವರ ನೆರವು ಇವೆಲ್ಲ ಕೌಂಟಿ ಕೈಯಲ್ಲಿ. ಊರೊಳಗೆ ಎಲ್ಲಿ ಎಂಥ ಕಟ್ಟಡ ಏಳಬೇಕು ಅನ್ನೋದು ಸಿಟಿ ಕೈಯಲ್ಲಿ. ಹೀಗಾಗಿ ಮನೆ ಇಲ್ಲದವರ ವಿಷಯ ಬಂದಾಗ ಇಬ್ಬರೂ ಬೇಕು, ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುವುದೂ ಇದ್ದದ್ದೇ. ಆದರೂ ಈ ರಾಜ್ಯದ ವೆಲ್‌ಫೇರ್ ಕಾನೂನಿನ 17000ನೇ ಸೆಕ್ಷನ್ ಪ್ರಕಾರ ಬೇರೆ ದಿಕ್ಕಿಲ್ಲದ ಬಡವರ ಹೊಣೆ ಕೌಂಟಿಯದೇ.

ಇಲ್ಲಿ ನಾನು ನೋಡಿಕೊಳ್ಳುವುದು ಮನೆ ಇಲ್ಲದವರ ಡೇಟಾಬೇಸ್. ಇದಕ್ಕೂ ಮುಂಚೆ ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿದ್ದೆ. ಅಲ್ಲಿಂದ ಒಂದು ಚಾಳಿ ಜೊತೆಗೇ ಬಂದಿತ್ತು. ಬಹಳ ದಿನ ವ್ಯವಹಾರ ನಡೆಯದ ಖಾತೆಯನ್ನು ಬ್ಯಾಂಕಿನವರು ಡಾರ್ಮೆಂಟ್ ಮಾಡುತ್ತಾರಲ್ಲ, ಅದು.

ಮನೆಗೆ ಕಾಯುವವರ ನಮ್ಮ ಪಟ್ಟಿ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳಬೇಕು. ಕೇಂದ್ರದ ವಸತಿ ಇಲಾಖೆಯನ್ನು ಇಲ್ಲಿ ಹಡ್ ಅನ್ನುತ್ತಾರೆ. ಅದರ ಹಣ ಪಡೆಯುವ ಪ್ರತಿ ಪ್ರದೇಶವೂ ಯಾರಿಗೆ ಮೊದಲು ಮನೆ ಅಂತ ಒಂದೇ ಪದ್ಧತಿಯಲ್ಲಿ ತೀರ್ಮಾನಿಸಬೇಕು, ಇದು 2018ರಿಂದ ಕಡ್ಡಾಯ. ಎಷ್ಟು ಸಲ ಎಮರ್ಜೆನ್ಸಿಗೆ ಹೋಗಿದ್ದೀರಿ, ಜೈಲಿಗೆ ಹೋಗಿದ್ದೀರಾ, ಯಾರಾದರೂ ಹೊಡೆದಿದ್ದಾರಾ ಅಂತೆಲ್ಲ ಕೇಳಿ ಅಂಕ ಹಾಕುತ್ತಾರೆ. ಬಹಳ ಕಡೆ ಬಳಸಿದ ಒಂದು ಪ್ರಶ್ನಾವಳಿಯಲ್ಲಿ 17 ಅಂಕ. ಊರಲ್ಲಿ ಚೆನ್ನಾಗಿ ಓದಿದರೆ ಸೀಟು. ಇಲ್ಲಿ ಬದುಕು ಕೆಟ್ಟಷ್ಟೂ ಸೀಟು ಹತ್ತಿರ. ಆ ಪ್ರಶ್ನಾವಳಿ ಮಾಡಿದವರೇ 2020ರಲ್ಲಿ ಇನ್ನು ಇದನ್ನು ನಿಲ್ಲಿಸುತ್ತೇವೆ ಅಂದರು, ಆ ಕಥೆ ಬೇರೆ.

ಪಟ್ಟಿ ಉದ್ದ ಇತ್ತು. ಒಂದು ಮನೆ ಖಾಲಿಯಾಯಿತು ಅಂತ ಮೇಲಿನ ಹೆಸರಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ. ಮುಂದಿನದೂ ಹಾಗೇ. ಅಷ್ಟರಲ್ಲಿ ಮನೆ ವಾರಗಟ್ಟಲೆ ಬೀಗ ಹಾಕಿಕೊಂಡು ಕೂತಿರುತ್ತಿತ್ತು. ಪಟ್ಟಿ ಕ್ಲೀನ್ ಮಾಡಿ ಅಂತ ಮೇಲಿಂದ ಮಾತು ಬಂತು. ನ್ಯಾಯವಾದ ಮಾತೇ. ನಾನು ಒಂದು ಕ್ವೆರಿ ಬರೆದೆ, ಅಂದರೆ ಇಂಥವರನ್ನು ಹುಡುಕು ಅಂತ ಡೇಟಾಬೇಸಿಗೆ ಕೊಡುವ ಆದೇಶ. 90 ದಿನದಿಂದ ಯಾರ ಹೆಸರಲ್ಲಿ ಒಂದೂ ಎಂಟ್ರಿ ಇಲ್ಲವೋ ಅವರೆಲ್ಲ ಇನ್‌ಆಕ್ಟಿವ್. ಶುಕ್ರವಾರ ಸಂಜೆ ರನ್ ಮಾಡಿ ಮನೆಗೆ ಹೋದೆ. ಸೋಮವಾರ ನೋಡಿದರೆ ಪಟ್ಟಿ ಇಳಿದು ಚೊಕ್ಕವಾಗಿತ್ತು. ಮೀಟಿಂಗಿನಲ್ಲಿ ಮ್ಯಾನೇಜರ್ ಹೆಸರು ಹಿಡಿದು ಹೊಗಳಿದರು. ಸುಮ್ನೆ ಯಾಕೆ ಸುಳ್ಳು ಹೇಳಲಿ, ನನಗೂ ಖುಷಿಯಾಯಿತು.

ಎರಡು ವಾರ ಆದ ಮೇಲೆ ನಮ್ಮ ಔಟ್‌ರೀಚ್ ಟೀಮಿನ ಹಿರಿಯ ಹೆಂಗಸು ನನ್ನ ಟೇಬಲ್ ಹತ್ತಿರ ಬಂದರು. ಹೊಳೆ ದಂಡೆ, ಫ್ಲೈಓವರ್ ಅಡಿ, ಪಾರ್ಕಿಂಗ್ ಲಾಟ್ ಅಂತ ದಿನಾ ಸುತ್ತುವವರು. ನಾನು ಮನಸ್ಸಿನಲ್ಲೇ ಅವರನ್ನು ಅಕ್ಕ ಅನ್ನುತ್ತೇನೆ. ಕೈಯಲ್ಲಿ ಒಂದು ಸ್ಪೈರಲ್ ಪುಸ್ತಕ. ಮೂರು ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು, "ಇವರನ್ನ ಎಲ್ಲಿಗೆ ಕಳಿಸಿದೆ?"

ಅವರು ಎಲ್ಲಿದ್ದಾರೆ ಅಂತ ಅಕ್ಕನಿಗೆ ಗೊತ್ತಿತ್ತು. ಒಬ್ಬರು ಕಾಲು ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ಒಬ್ಬ ಜೈಲಿನಲ್ಲಿ. ಎರಡೂ ಕೌಂಟಿಯದೇ ಕಟ್ಟಡ! ನಾವೇ ಊಟ ಹಾಕುತ್ತಿದ್ದ ಇಬ್ಬರನ್ನು ನಾನು ನಾಪತ್ತೆ ಅಂತ ಬರೆದಿದ್ದೆ. ಮೂರನೆಯವನು ಎಲ್ಲಿಗೂ ಹೋಗಿರಲಿಲ್ಲ. ತನ್ನ ನಾಯಿಯ ಜೊತೆ ಅದೇ ಫ್ಲೈಓವರ್ ಅಡಿ ಇದ್ದ. ಅಕ್ಕ ಪ್ರತಿ ಗುರುವಾರ ಅವನನ್ನು ಮಾತಾಡಿಸುತ್ತಿದ್ದರು.

"ಮತ್ತೆ ಎಂಟ್ರಿ ಯಾಕಿಲ್ಲ?" ಅಂದೆ. ಸ್ವಲ್ಪ ಗಡಸಾಗಿಯೇ ಕೇಳಿದೆ ಅನ್ನಿಸುತ್ತೆ.

ಫ್ಲೈಓವರ್ ಅಡಿ ಸಿಗ್ನಲ್ ಸಿಗಲ್ಲ. ಫಾರಂ ಎರಡು ಪುಟ. ಟ್ಯಾಬ್ಲೆಟ್ ತೆಗೆದರೆ ಆ ಮನುಷ್ಯ ಎದ್ದು ಹೋಗುತ್ತಾನೆ. ಅದಕ್ಕೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಎಲ್ಲ ಇತ್ತು, ತಾರೀಕಿನ ಸಮೇತ.

ಆಮೇಲೆ ಯೋಚಿಸಿದೆ, 90 ಅನ್ನೋ ಸಂಖ್ಯೆಯನ್ನು ಯಾರೂ ಯಾಕೆ ಪ್ರಶ್ನಿಸಲಿಲ್ಲ? ಹಡ್ ನಿಯಮದಲ್ಲೂ ಒಂದು 90 ಇದೆ. ಬೀದಿಯಲ್ಲಿದ್ದವರು ಆಸ್ಪತ್ರೆ ಅಥವಾ ಜೈಲಿಗೆ ಹೋಗಿ 90 ದಿನದೊಳಗೆ ಹೊರಬಂದರೆ ಅವರ ಲೆಕ್ಕ ತುಂಡಾಗುವುದಿಲ್ಲ, ಆ ದಿನಗಳೂ ಬೀದಿಯ ದಿನಗಳೇ. ಕಾಯಿಲೆಯೋ ಅಂಗವೈಕಲ್ಯವೋ ಇದ್ದು 12 ತಿಂಗಳು ಮನೆಯಿಲ್ಲದೆ ಕಳೆದವರಿಗೆ ಕೆಲವು ಮನೆಗಳು ಮೀಸಲು, ಆದ್ದರಿಂದ ಈ ಲೆಕ್ಕ ಮುಖ್ಯ. ಅಂದರೆ ಹಡ್‌ನ 90 ಇರುವುದು ಜನ ಕೈತಪ್ಪದಿರಲಿ ಅಂತ. ನನ್ನ 90 ಅದರ ಉಲ್ಟಾ. ಆದರೆ ಕೇಳಿದವರಿಗೆಲ್ಲ ಸಂಖ್ಯೆ ಪರಿಚಯದ್ದು ಅನ್ನಿಸಿರಬೇಕು, ತಲೆ ಆಡಿಸಿದರು. ನಾನಂತೂ ಬ್ಯಾಂಕಿನ ಗುಂಗಿನಲ್ಲೇ ಇದ್ದೆ.

ಸದ್ಯ, ಡಿಲೀಟ್ ಮಾಡಿರಲಿಲ್ಲ. ಅವತ್ತೇ ಎಲ್ಲರನ್ನೂ ವಾಪಸ್ ಹಾಕಿದೆ. ಆದರೆ ಆ ಎರಡು ವಾರದಲ್ಲಿ ಒಂದು ಸ್ಟುಡಿಯೋ ಮನೆ ಹೋಗಿತ್ತು. ಸರದಿ ಪ್ರಕಾರ ಅದು ಆಸ್ಪತ್ರೆಯಲ್ಲಿದ್ದವರಿಗೆ ಬರಬೇಕಿತ್ತು. ಸಿಕ್ಕಿದ್ದು ಅವರ ಕೆಳಗಿನ ಹೆಸರಿಗೆ. ಅವರೂ ಬೀದಿಯಲ್ಲಿದ್ದವರೇ, ಕಿತ್ತುಕೊಳ್ಳೋಕಾಗುತ್ತಾ? ಆಸ್ಪತ್ರೆಯಿಂದ ಬಿಟ್ಟ ದಿನ ಅವರು ವಾಕರ್ ಹಿಡಿದುಕೊಂಡು ಶೆಲ್ಟರ್‌ಗೆ ಹೋದರು. ಇದನ್ನು ಯಾವ ಡ್ಯಾಶ್‌ಬೋರ್ಡೂ ತೋರಿಸಲಿಲ್ಲ, ಅಕ್ಕ ಹೇಳಿದ್ದರಿಂದ ಗೊತ್ತಾಯಿತು.

ಈಗ ಕ್ವೆರಿ ಯಾರನ್ನೂ ತೆಗೆಯುವುದಿಲ್ಲ. "ಇವರನ್ನು ಯಾರಾದರೂ ನೋಡಿದಿರಾ?" ಅಂತ ಔಟ್‌ರೀಚ್ ಟೀಮಿಗೆ ಪಟ್ಟಿ ಕಳಿಸುತ್ತದೆ ಅಷ್ಟೆ. ಜೈಲಿನಲ್ಲಿರುವವರ ಹೆಸರು ಸಾರ್ವಜನಿಕವಾಗಿಯೇ ಸಿಗುತ್ತೆ, ಅದನ್ನೂ ಹೋಲಿಸುತ್ತೇವೆ. ಆಸ್ಪತ್ರೆಯದು ಕಷ್ಟ, ರೋಗಿ ಒಪ್ಪದೆ ಅವರು ಬಾಯಿ ಬಿಡುವಂತಿಲ್ಲ, ಬಿಡಲೂಬಾರದು. ಎರಡು ಪುಟದ ಫಾರಂ ಜೊತೆಗೆ "ನೋಡಿದೆ" ಅನ್ನೋ ಒಂದೇ ಬಟನ್ ಇಟ್ಟೆವು, ಸಿಗ್ನಲ್ ಇಲ್ಲದಿದ್ದರೂ ಒತ್ತಬಹುದು. ಫೋನ್ ನಂಬರ್ ಕೆಳಗೆ "ಎಲ್ಲಿ ಸಿಗುತ್ತಾರೆ" ಅಂತ ಒಂದು ಖಾಲಿ ಜಾಗ ಮಾಡಿದೆವು. ಇದು ಅಕ್ಕನ ಐಡಿಯಾ.

ಇಷ್ಟರಿಂದ ಪಟ್ಟಿ ಸಣ್ಣದಾಗಲಿಲ್ಲ. ಆಗುವುದೂ ಇಲ್ಲ. ಕನ್ನಡದವರು ಬೇಕಾದಷ್ಟು ಜನ ಇರುವ ಸಾಂತಾ ಕ್ಲಾರಾ ಕೌಂಟಿಯನ್ನೇ ನೋಡಿ. ಅಲ್ಲಿನ ಮತದಾರರು 2016ರಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ ಅಂತ 95 ಕೋಟಿ ಡಾಲರ್ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಮನೆಗಳೂ ಎದ್ದವು. ಆದರೂ ಮನೆ ಇಲ್ಲದವರ ಜನವರಿಯ ಎಣಿಕೆಯಲ್ಲಿ 2023ರಲ್ಲಿ 9,903 ಜನ ಇದ್ದರೆ 2025ರಲ್ಲಿ 10,711. ಒಂದು ಕಡೆ ಜನ ಮನೆ ಸೇರುತ್ತಿದ್ದರೆ ಇನ್ನೊಂದು ಕಡೆ ಬಾಡಿಗೆ ಕಟ್ಟಲಾಗದೆ ಹೊರಗೆ ಬೀಳುತ್ತಿರುತ್ತಾರೆ.

ಕೆಲವು ತಿಂಗಳಿಗೆ ಫ್ಲೈಓವರ್ ಅಡಿಯವನ ಸರದಿ ಬಂತು. ಮನೆ ಅಲ್ಲ, ವೋಚರ್. ಆದಾಯದ ಸುಮಾರು 30 ಪರ್ಸೆಂಟ್ ಅವನು ಕಟ್ಟಿದರೆ ಉಳಿದ ಬಾಡಿಗೆ ಸರ್ಕಾರದ್ದು. ಮನೆ ಹುಡುಕಲು 60 ದಿನ. ವೋಚರ್ ಅಂತ ಮಾಲೀಕರು ಮನೆ ಇಲ್ಲ ಅನ್ನುವಂತಿಲ್ಲ, 2020ರಿಂದ ಇಲ್ಲಿ ಕಾನೂನೇ ಇದೆ. "ಅಯ್ಯೋ, ಈಗಷ್ಟೇ ಕೊಟ್ಟುಬಿಟ್ವಿ" ಅನ್ನೋದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ, ಅಲ್ವಾ? ಅದೂ ಆಮೇಲಿನ ಮಾತು. ಮೊದಲು ಐಡಿ ಬೇಕು. ಅವನದು ಟೆಂಟ್ ತೆರವು ಮಾಡಿದಾಗ ಕಸದ ಜೊತೆ ಹೋಗಿತ್ತು. ಐಡಿಗೆ ಜನನ ಪ್ರಮಾಣಪತ್ರ ಬೇಕು, ಅದಕ್ಕೆ ಐಡಿ ಬೇಕು. ರೇಷನ್ ಕಾರ್ಡಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಇಲ್ಲದವರಿಗೆ ಕ್ಯಾಲಿಫೋರ್ನಿಯಾ ಎರಡನ್ನೂ ಪುಕ್ಕಟೆ ಕೊಡುತ್ತೆ. ಆದರೆ ಅವನು ಹುಟ್ಟಿದ್ದು ಬೇರೆ ರಾಜ್ಯದಲ್ಲಿ. ಈಗ ನಾವು ಸರದಿ ಬರುವ ಮುಂಚೆಯೇ ಕಾಗದ ಇಲ್ಲದವರು ಯಾರು ಅಂತ ಹುಡುಕಿ ಕೆಲಸ ಶುರು ಮಾಡುತ್ತೇವೆ. ಅವನ ಪಾಲಿಗೆ ಅದು ತಡವಾಗಿ ಬಂತು. ಗಡುವು ವಿಸ್ತರಿಸಿ ಅಂತ ಕೇಳಬೇಕಾಯಿತು.

ಅದಕ್ಕೆ ಅವನ ಸಹಿ ಬೇಕಿತ್ತು. ಅಕ್ಕ ಅವತ್ತು ರಜೆ. ಮೊದಲ ಸಲ ನಾನೇ ಫೈಲ್ ಹಿಡಿದು ಹೊರಟೆ. ಕಾರಿನಲ್ಲಿ ಕೂತು ಅವನ ರೆಕಾರ್ಡ್ ತೆರೆದೆ. ಫೋನ್ ನಂಬರ್ ಜಾಗ ಖಾಲಿ. ಅದರ ಕೆಳಗೆ ಅಕ್ಕ ಬರೆದಿದ್ದರು: "ಡೋನಟ್ ಅಂಗಡಿ ಹಿಂದೆ, ಬೆಳಿಗ್ಗೆ ಏಳಕ್ಕೆ ಮುಂಚೆ. ಮೊದಲು ನಾಯಿಯನ್ನು ಮಾತಾಡಿಸಿ."